ಮೋಟಾರಿನ ಮುಯ್ಯಿ

ಪುಷ್ಯ ಮಾಸದ ಚಳಿ. ಹೊಲದಲ್ಲಿ ಬಿಳಿಜೋಳ ಹಾಲುಗಾಳಾಗಿ ಸೀತನಿ ತಿನ್ನುವ ಹದಕ್ಕೆ ಬಂದಿತ್ತು. ನಮ್ಮ ತೋಟದಲ್ಲಿ ಗಾಣ ಹೂಡಿ ವಾರವಾಗುತ್ತ ಬಂದಿತ್ತು. ಬೆಳ್ಳಿ ಮೂಡುವ ಮೊದಲೇ ಎತ್ತುಗಳು ಗಾಣ ಸುತ್ತತೊಡಗುತ್ತಿದ್ದವು. ಕೊಪ್ಪರಿಗೆಯ ಬಾಯಿಂದ ಎದ್ದ ಹೊಗೆ ತೆಂಗಿನ ಗರಿಯವರೆಗೆ ಏರಿ, ಅಲ್ಲಿಂದ ಬೆಲ್ಲದ ವಾಸನೆಯಾಗಿ ಊರಿಗೆಲ್ಲ ಇಳಿಯುತ್ತಿತ್ತು. ಇಂಥ ಹೊತ್ತಿನಲ್ಲಿ ಒಕ್ಕಲುತನ ಮಾಡುವವನು ಗಾಣದ ಮಗ್ಗುಲು ಬಿಟ್ಟು ಏಳಬಾರದು. ನಾನು ಮಾತ್ರ ಮನೆಯ ಅಂಗಳದಲ್ಲಿ ಕುಕ್ಕರಗಾಲಿನಲ್ಲಿ ಕುಳಿತು, ಕೊಬ್ಬರಿ ಎಣ್ಣೆಯ ಅರಿವೆಯಿಂದ ಒಂದು ಕಬ್ಬಿಣದ ಪೆಟ್ಟಿಗೆಯ ಮೈ ಒರೆಸುತ್ತಿದ್ದೆ.

ಅದು ನನ್ನ ಮೋಟಾರು.

ಜಮಖಂಡಿಯ ಇನಾಮದಾರರೊಬ್ಬರು ಹೊಸ ಮೋಟಾರು ತರಿಸಿಕೊಂಡು, ಹಳೆಯದನ್ನು ನನ್ನ ಬೆಲ್ಲಕ್ಕೆ ಬದಲಾಗಿ ಕೊಟ್ಟಿದ್ದರು. ಎಷ್ಟು ಬೆಲ್ಲ ಎಂಬುದನ್ನು ನನ್ನ ಹೆಂಡತಿ ಕಮಲಾಬಾಯಿಗೆ ನಾನು ಇಂದಿಗೂ ಹೇಳಿಲ್ಲ. ಅವರ ಡ್ರೈವರನು ಎರಡು ದಿನ ನಮ್ಮ ಮನೆಯಲ್ಲಿ ಉಂಡು ನನಗೆ ವಿದ್ಯೆ ಕಲಿಸಿದ. ಮೊದಲನೆಯ ದಿನ ಯಾವ ಕಾಲಲ್ಲಿ ಏನು ಒತ್ತಬೇಕು, ಗೇರಿನ ಕೋಲು ಎತ್ತ ನೂಕಬೇಕು ಎಂದು ಹೇಳಿಕೊಟ್ಟ. ಎರಡನೆಯ ದಿನ, ಜೋಳದ ಕಣಿಕೆಯ ಬಣವೆಯೊಳಗೆ ಹೊಕ್ಕ ಮೋಟಾರನ್ನು ಹೊರಗೆ ತೆಗೆಯುವುದು ಹೇಗೆಂದು ಹೇಳಿಕೊಟ್ಟ. ಅಲ್ಲಿಗೆ ನನ್ನ ಕಲಿಕೆ ಪೂರ್ತಿಯಾಯಿತು ಎಂದು ನಾನೇ ತೀರ್ಮಾನಿಸಿಕೊಂಡೆ.

ಇಷ್ಟೆಲ್ಲ ಯಾಕೆಂದರೆ ನನ್ನ ಮಗಳು ಬ್ರಾಹ್ಮಿಯನ್ನು ನೋಡಲು ಮಿರಜಿನ ಆಚೆಯಿಂದ ಬೀಗರು ಬರುವವರಿದ್ದರು. ಹುಡುಗನ ಅಜ್ಜ ಅನಂತಪ್ಪನವರು, ಹುಡುಗನ ತಾಯಿ ಶೇವಂತಿಬಾಯಿ. ಹುಡುಗ ಛಲೋ, ಮನೆತನ ಛಲೋ, ಭೂಮಿಕಾಣಿ ಛಲೋ. ಬ್ರಾಹ್ಮಿಗೂ ಮನಸ್ಸಿತ್ತೆಂದು ಕಮಲಾಬಾಯಿ ನನ್ನ ಕಿವಿಯಲ್ಲಿ ಹಾಕಿದ್ದಳು. ಕುಡಚಿ ಸ್ಟೇಶನ್ನಿಗೆ ಇಳಿದು, ಸರ್ವಿಸ್ ಮೋಟಾರಿನಲ್ಲಿ ತೇರದಾಳಕ್ಕೆ ಬಂದರೆ, ಅಲ್ಲಿಂದ ನಮ್ಮೂರು ಒಂದು ಹರದಾರಿ, ಮೂರು ಮೈಲಿ. ಅಷ್ಟು ದೂರಕ್ಕೆ ಯಾರಾದರೂ ಎತ್ತಿನ ಕೊಲ್ಲಾರಿ ಗಾಡಿ ಕಳಿಸುತ್ತಾರೆ. ನಾನು ಬರೆಸಿದ ಕಾಗದ ಹೀಗಿತ್ತು: ‘ತೇರದಾಳದಲ್ಲಿ ಬಾಡಿಗೆ ಗಾಡಿ ಮಾಡಬಾರದು. ನಮ್ಮ ಸ್ವಂತ ಮೋಟಾರು ಬರುತ್ತದೆ.’ ‘ಸ್ವಂತ’ ಎಂಬುದರ ಕೆಳಗೆ ಎರಡು ಗೆರೆ ಎಳೆಸಿದ್ದೆ.

ಗೆರೆ ಎಳೆಸುವಾಗ ಹೊತ್ತು ಮುಳುಗುವ ವಿಚಾರ ನನ್ನ ತಲೆಯಲ್ಲಿ ಇರಲಿಲ್ಲ. ನಮ್ಮ ಜೈನರ ಮನೆಗಳಲ್ಲಿ ಸೂರ್ಯ ಇಳಿದ ಮೇಲೆ ತುತ್ತು ಎತ್ತುವುದಿಲ್ಲ. ಅನಂತಪ್ಪಜ್ಜನವರಂತೂ ಕಟ್ಟಾ ಮನುಷ್ಯರು. ಹಿಂದೆ ಒಂದು ಮನೆಗೆ ಹೆಣ್ಣು ನೋಡಲು ಹೋದಾಗ, ಎಲೆ ಹಾಕುವಷ್ಟರಲ್ಲಿ ದೀಪ ಹಚ್ಚಿದರಂತೆ. ಅಜ್ಜ ಉಪವಾಸ ಮಲಗಿ, ಮುಂಜಾನೆ ಎದ್ದು, ಹುಡುಗಿಯ ಮುಖವನ್ನೂ ನೋಡದೆ ಹೊರಟುಬಂದರಂತೆ.

ಕಮಲಾಬಾಯಿ ಅಡಿಗೆಮನೆಯ ಬಾಗಿಲಲ್ಲಿ ನಿಂತು ಹೇಳಿದಳು: “ಇಲ್ಲಿ ಕೇಳ್ರಿ. ಹೊತ್ತ ಮುಣಗೂದ್ರಾಗ ಬೀಗರು ಎಲಿ ಮುಂದ ಕುಂತಿರಬೇಕು. ಇಲ್ಲಂದ್ರ ನೀವು ಇನ್ನ ಮ್ಯಾಲ ಮೋಟಾರದಾಗ ಮಕ್ಕೋರಿ, ಮೋಟಾರದಾಗ ಉಣ್ರಿ.”

“ಹರದಾರಿ ಹಾದಿ! ಹೋಗೂದ ಒಂದ ಕ್ಷಣ, ಬರೂದ ಒಂದ ಕ್ಷಣ,” ಎಂದೆ.

“ಹೌದ್ರಿ, ಬಣಿವಿಯೊಳಗ ಹೋಗಾಕೂ ಒಂದ ಕ್ಷಣಾನ ಹತ್ತಿತ್ತು,” ಎಂದು ಒಳಗೆ ಹೋದಳು.

ಪೆಟ್ರೋಲಿನ ಡಬ್ಬಿಯಲ್ಲಿ ತುಕ್ಕು ಇರುತ್ತದೆ, ಸೋಸಿಯೇ ಹಾಕಬೇಕು ಎಂದು ಡ್ರೈವರ ಹೇಳಿದ್ದ. ಸೋಸುವುದೆಂದರೆ ನಮ್ಮ ಮನೆಯಲ್ಲಿ ಅದು ನನ್ನ ಅವ್ವ ಅಕ್ಕಮ್ಮನ ಅಧಿಕಾರ. ಬಾವಿಯಿಂದ ಬಂದ ಒಂದು ಹನಿ ನೀರೂ ಅವಳ ಎರಡು ಪದರಿನ ಅರಿವೆ ದಾಟದೆ ನಮ್ಮ ಗಂಟಲಿಗೆ ಇಳಿದದ್ದಿಲ್ಲ. ಅಷ್ಟೇ ಅಲ್ಲ, ಸೋಸಿದ ಮೇಲೆ ಅರಿವೆಯಲ್ಲಿ ಉಳಿದ, ಕಣ್ಣಿಗೆ ಕಾಣದ ಜೀವಗಳನ್ನು ಸೋಸಿದ ನೀರಿನಿಂದಲೇ ತೊಳೆದು, ಆ ನೀರನ್ನು ಎಲ್ಲಿಂದ ಬಂತೋ ಅಲ್ಲಿಗೇ ಹಗುರಾಗಿ ಬಿಟ್ಟು ಬರುತ್ತಾಳೆ. ಅದಕ್ಕೆ ಜೀವಾಣಿ ಎನ್ನುತ್ತೇವೆ. ಬಾವಿಯ ಜೀವ ಬಾವಿಗೆ, ಹಳ್ಳದ ಜೀವ ಹಳ್ಳಕ್ಕೆ. ಅದಲುಬದಲಾದರೆ ಪಾಪ ಅವು ಪರದೇಶಿಗಳಾಗುತ್ತವೆ ಎಂದು ಅವ್ವನ ಮಾತು.

ಅರಿವೆ ಕೇಳಿದಾಗ ಅವ್ವ ನನ್ನ ಕೈಗೆ ಕೊಡಲಿಲ್ಲ. “ನಿನಗೇನ ತಿಳಿತೈತಿ ಸೋಸೂದು? ಸರಿ ಅತ್ತಾಗ,” ಎಂದು ತಾನೇ ಮೂಗಿಗೆ ಸೆರಗು ಕಟ್ಟಿಕೊಂಡು ಕುಳಿತಳು. ನಾನು ಜರಿ ರುಮಾಲು ಸುತ್ತಿಕೊಳ್ಳಲು ಒಳಗೆ ಹೋದೆ. ರುಮಾಲು ಮೋಟಾರಿಗಿಂತ ಹೆಚ್ಚು ಹೊತ್ತು ತೆಗೆದುಕೊಂಡಿತು. ಹೊರಗೆ ಬಂದಾಗ ಅವ್ವ ಖಾಲಿ ತಂಬಿಗೆ ಹಿಡಿದುಕೊಂಡು ಮೋಟಾರಿನ ಕಡೆಯಿಂದ ಬರುತ್ತಿದ್ದಳು. ಮುಖದಲ್ಲಿ ಬಸದಿಯಿಂದ ಬರುವಾಗಿನ ಸಮಾಧಾನವಿತ್ತು.

“ಎಲ್ಲಾ ಪದ್ಧತಿಪ್ರಕಾರ ಆತಪಾ. ಇನ್ನ ಸುಖದಿಂದ ಹೋಗಿ ಬಾ,” ಎಂದಳು.

ಹ್ಯಾಂಡಲು ತಿರುವಿದೆ. ಮೋಟಾರು ಗುರ್ರೆಂದಿತು. ನಾನು ಹಾರಿ ಕುಳಿತು, ಎಡಗಾಲು ಒತ್ತಿ, ಗೇರು ನೂಕಿ, ಹಾರ್ನಿನ ರಬ್ಬರ್ ಭೋಂಪು ಹಿಚುಕಿದೆ. ಓಣಿಯ ನಾಯಿಗಳು ಮುಂದೆ, ನಾನು ನಡುವೆ, ಊರ ಜನ ಹಿಂದೆ. ಅಂಥ ವೈಭವ ನನ್ನ ಮದುವೆಯ ಮೆರವಣಿಗೆಯಲ್ಲೂ ಇರಲಿಲ್ಲ. ಓಣಿ ದಾಟಿ ಚಾವಡಿಯ ಮುಂದೆ ಬಂದೆ. ಊರಿನಲ್ಲಿ ಕೆಲಸವಿಲ್ಲದವರೆಲ್ಲ ಕೂಡುವ ಜಾಗ ಅದು. ಮೋಟಾರು ಬೇಕೆಂದೇ ಅಲ್ಲಿಯತನಕ ಬಂದು, ಮೂರು ಸಲ ಸೀನಿ, ನಿಂತುಬಿಟ್ಟಿತು.

ಕಟ್ಟೆಯ ಮೇಲೆ ಜಮಾದಾರ ಅಪ್ಪಾಸಾಬ ಮೀಸೆಗೆ ಎಣ್ಣೆ ತೀಡುತ್ತಿದ್ದ. ಇವನು ಹರೆಯದಲ್ಲಿ ಅರಮನೆಯ ಮೋಟಾರುಖಾನೆಯ ಬಾಗಿಲಿಗೆ ಒಂದು ವರ್ಷ ಪಹರೆ ನಿಂತವನು. ಬಾಗಿಲು ಯಾವಾಗಲೂ ಮುಚ್ಚಿರುತ್ತಿತ್ತು. ಆದರೂ ಒಳಗಿನ ವಿಷಯದಲ್ಲಿ ಅವನಷ್ಟು ತಿಳಿದವರು ನಮ್ಮ ಸುತ್ತಮುತ್ತ ಯಾರೂ ಇರಲಿಲ್ಲ.

“ಯಾಕ್ರಿ ಪಾಯಪ್ಪನವರ, ಸಲಾಮ ಮಾಡಾಕ ನಿಂತೀರೇನು?” ಎಂದ.

“ಹಾಂ, ಹಂಗ ಒಂದೀಟ ನಿಂತೆ. ನಿಮ್ಮನ್ನ ಮಾತಾಡಿಸಿಕೊಂಡ ಹೋದ್ರಾತು ಅಂತ,” ಎಂದು ಇಳಿದೆ. ಮಾತಾಡಿಸುವುದು ಮುಗಿಯಿತು. ಹ್ಯಾಂಡಲು ಹಾಕಿದೆ. ತಿರುವಿದೆ. ಮೋಟಾರು ಗುರ್ರೆನ್ನಲಿಲ್ಲ. ಇನ್ನೂ ಜೋರಾಗಿ ತಿರುವಿದೆ. ಅದು ಒಂದು ಗೇಣು ಮುಂದೆ ಬಂದು ನನ್ನ ಮೊಣಕಾಲಿಗೆ ಬಡಿಯಿತು. ಗೇರು ಬಿಡಿಸುವುದನ್ನು ಮರೆತಿದ್ದೆ.

“ನಡೀತು! ನಡೀತು!” ಎಂದು ಕಟ್ಟೆಯ ಮೇಲಿನವರು ಎದ್ದು ನಿಂತರು. ಯಾರೋ ಒಬ್ಬ, “ಹಿಂಗ ತಿರುವಕೋತ ಹಿಂದ ಹಿಂದ ಸರೀರಿ, ಹುಣ್ಣಿವಿ ಅನ್ನೂದ್ರಾಗ ತೇರದಾಳ ಬಂದಬಿಡತೈತಿ,” ಎಂದ.

ನಾನು ಗೇರು ಬಿಡಿಸಿದೆ. ಬಾನೆಟ್ಟು ತೆಗೆದು ಒಳಗೆ ನೋಡಿದೆ. ಒಳಗೆ ನೋಡಬೇಕೆಂದು ಡ್ರೈವರ ಹೇಳಿದ್ದ. ಏನು ನೋಡಬೇಕೆಂದು ಹೇಳಿರಲಿಲ್ಲ, ಇಲ್ಲವೆ ಅವನು ಹೇಳುವಾಗ ನಾನು ಭೋಂಪು ಹಿಚುಕುತ್ತಿದ್ದೆ. ನೆನಪಿದ್ದಷ್ಟು ಮಾಡಿದೆ. ಪ್ಲಗ್ಗು ಬಿಚ್ಚಿ ಧೋತರದ ಚುಂಗಿನಿಂದ ಒರೆಸಿ ತಿರುಗಿ ಹಾಕಿದೆ. ವಾಯರುಗಳನ್ನು ಒಂದೊಂದಾಗಿ ಜಗ್ಗಿ ನೋಡಿದೆ. ರೇಡಿಯೇಟರಿನ ಮುಚ್ಚಳ ತೆಗೆದು, ನೀರು ಸಾಕಷ್ಟಿದೆ ಎಂದು ಗಂಭೀರವಾಗಿ ತಲೆಯಾಡಿಸಿದೆ. ಪೆಟ್ರೋಲಿನ ಟಾಕಿಯೊಳಗೆ ಕಸಬರಿಗೆಯ ಬರಲು ಹಾಕಿ ಎತ್ತಿದೆ. ಅರ್ಧಕ್ಕಿಂತ ಮೇಲೆ ತೊಯ್ದಿತ್ತು. “ಪೆಟ್ರೋಲು ಭರ್ತಿ ಐತಿ. ಅದರ ಬಗ್ಗೆ ಸಂಶಯಾ ಬ್ಯಾಡ,” ಎಂದು ಜನರಿಗೆಲ್ಲ ಕೇಳುವಂತೆ ಹೇಳಿದೆ.

ಅಪ್ಪಾಸಾಬ ಕಟ್ಟೆಯಿಂದ ಇಳಿದು ಬಂದು ಮೋಟಾರನ್ನು ಒಂದು ಸುತ್ತು ಹಾಕಿದ.

“ಇದು ಎಲ್ಲೀ ಮೋಟಾರ್ರಿ?”

“ಇನಾಮದಾರರ ಮನೀದು.”

“ಹಂಗಾರ ತಿಳೀತು, ಮರಾಠಿ ಮನಿತನದ್ದು. ನೀವು ಇದಕ್ಕ ಕನ್ನಡದಾಗ ಮಾತಾಡಿದ್ರ ಹ್ಯಾಂಗ ಚಾಲೂ ಆದೀತು? ಅರಮನಿ ಡ್ರೈವರ ದಿನಾ ಮುಂಜಾನಿ ಮರಾಠಿಯೊಳಗ ಬೈತಿದ್ದ. ನಾ ಬಾಗಲದಾಗ ನಿಂತ ಕಿವಿಯಾರೆ ಕೇಳೇನಿ. ಬೈಗಳ ಮುಗಿಯೂದು, ಮೋಟಾರ ಗುರ್ ಅನ್ನೂದು.”

ಕಷ್ಟದಲ್ಲಿ ಸಿಕ್ಕ ಮನುಷ್ಯ ಯಾವ ದೇವರಿಗೂ ಕೈಮುಗಿಯುತ್ತಾನೆ. ಆದರೆ ನನಗೆ ಬರುತ್ತಿದ್ದುದು ಸಾಂಗಲಿ ಪೇಟೆಯಲ್ಲಿ ಬೆಲ್ಲ ಮಾರುವಷ್ಟು ಮರಾಠಿ. ಬೈಯಲು ಸಾಲದು. ಅಪ್ಪಾಸಾಬ ಹ್ಯಾಂಡಲು ಹಿಡಿದ. ನಾನು ರೇಡಿಯೇಟರಿನ ಮುಂದೆ ನಿಂತು, ಹುಬ್ಬು ಗಂಟಿಕ್ಕಿ, ಗಟ್ಟಿಯಾಗಿ ಗುಡುಗಿದೆ: “ಗುಳಾಚಾ ಭಾವ ಕಾಯ?”

ಬೆಲ್ಲದ ದರ ಎಷ್ಟೆಂದು ಕೇಳಿದರೂ ಮೋಟಾರು ಉತ್ತರ ಕೊಡಲಿಲ್ಲ.

ಅಷ್ಟರಲ್ಲಿ ನಮ್ಮ ಹೊಲದ ನೆರೆಯವನು ಗಿರಮಲ್ಲಪ್ಪ ಹೆಂಡತಿ ತಂಗೆವ್ವನೊಡನೆ ಕುರಿ ಹೊಡೆದುಕೊಂಡು ಬಂದ. ಕುರುಬರ ದೇವರು ಬೀರೇಶ್ವರನ ಒಕ್ಕಲು. ನಾನೂ ಅವನೂ ಒಂದೇ ಹಳ್ಳದಲ್ಲಿ ಈಜು ಕಲಿತವರು. ಕುರಿಗಳೆಲ್ಲ ಮೋಟಾರಿನ ಸುತ್ತ ನಿಂತವು.

ತಂಗೆವ್ವ ನನ್ನನ್ನೂ ಮೋಟಾರನ್ನೂ ನೋಡಿ, “ಸ್ವಂತ ಸ್ವಂತ ಅಂತ ಊರೆಲ್ಲ ಡಂಗರಾ ಹೊಡದ್ರ ದೃಷ್ಟಿ ಆಗದ ಇರತೈತೇನ ಅಣ್ಣಾ?” ಎಂದಳು.

ಗಿರಮಲ್ಲಪ್ಪ ಬಗ್ಗಿ ಮೋಟಾರಿನ ಹೊಟ್ಟೆ ನೋಡಿದ, ಗಾಲಿ ಒದ್ದು ನೋಡಿದ. “ಲೇ ಪಾಯಪ್ಪಾ, ಹಲ್ಲ ನೋಡಿ ತಂದಿಯೋ ಇಲ್ಲೋ? ಇದು ಮುದಿ ಐತಿ.”

“ಇದು ಎತ್ತ ಅಲ್ಲೋ ಗಿರಮಲ್ಲಾ!”

“ಅದನ್ನ ನಾನೂ ಹೇಳಾಕತ್ತೇನಿ. ಎತ್ತಾಗಿದ್ರ ಎದ್ದ ಹೋಗತಿತ್ತು. ಹೊತ್ತ ನೋಡು.”

ನೋಡಿದೆ. ಹೊತ್ತು ನೆತ್ತಿಯಿಂದ ಎಷ್ಟೋ ಇಳಿದಿತ್ತು. ನನ್ನ ಎತ್ತುಗಳು ಗಾಣಕ್ಕೆ ಹೂಡಿದ್ದವು. ಅರ್ಧಕ್ಕೆ ಬಿಚ್ಚಿದರೆ ಕೊಪ್ಪರಿಗೆ ಕೆಡುತ್ತದೆ. ಆಗ ಡ್ರೈವರ ಹೇಳಿದ ಇನ್ನೊಂದು ಮಾತು ನೆನಪಾಯಿತು: ಹ್ಯಾಂಡಲಿಗೆ ಬಗ್ಗದಿದ್ದರೆ ಯಾರಾದರೂ ನೂಕಬೇಕು, ಓಟ ಬಂದಾಗ ಗೇರಿನಲ್ಲಿಟ್ಟು ಕ್ಲಚ್ಚು ಬಿಡಬೇಕು. ಕಟ್ಟೆಯ ಮೇಲಿನವರನ್ನು ನೋಡಿದೆ. ಎಲ್ಲರಿಗೂ ಒಮ್ಮೆಲೆ ಸೊಂಟನೋವು ಬಂತು.

“ಗಿರಮಲ್ಲಾ, ನಿನ್ನ ಎತ್ತ ಕೊಡೋ. ನಾಕ ಹೆಜ್ಜಿ ಎಳದ್ರ ಸಾಕು.”

“ಕೊಡತೇನಿ. ಮುಯ್ಯಿ ಮತ್ತ!”

ನಮ್ಮ ಕಡೆ ಒಕ್ಕಲಿಗರಲ್ಲಿ ಒಬ್ಬರ ಕೆಲಸಕ್ಕೆ ಇನ್ನೊಬ್ಬರ ಎತ್ತು ಬಂದರೆ ದುಡ್ಡಿನ ಮಾತಿಲ್ಲ. ಇವತ್ತು ಅವನ ಎತ್ತು ನಿನ್ನ ಹೊಲಕ್ಕೆ, ನಾಳೆ ನಿನ್ನ ಎತ್ತು ಅವನ ಹೊಲಕ್ಕೆ. ಅದೇ ಮುಯ್ಯಿ. ತೀರಿಸದವನಿಗೆ ಊರಲ್ಲಿ ಬೆಂಕಿಯೂ ಸಿಗುವುದಿಲ್ಲ.

“ಆತೋ ಮಾರಾಯಾ, ಮುಯ್ಯಿ,” ಎಂದೆ.

ತಂಗೆವ್ವ ಮನೆಯಿಂದ ಎತ್ತು ಬಿಚ್ಚಿಕೊಂಡು ಬಂದಳು. ಮೋಟಾರಿನ ಮುಂದೆ ನೊಗ ಕಟ್ಟಿದರು. ಎತ್ತುಗಳು ಎಳೆದವು. ನಾನು ಕ್ಲಚ್ಚು ಬಿಟ್ಟೆ. ಮೋಟಾರು ಹಿಂದಿನಿಂದ ‘ಢಂ’ ಎಂದು ಒಂದೇ ಒಂದು ಸದ್ದು ಮಾಡಿತು. ಎತ್ತುಗಳು ಬಾಲ ಎತ್ತಿ ಓಟ ಕಿತ್ತವು. ಕುರಿಗಳು ಚಾವಡಿಯೊಳಗೆ ನುಗ್ಗಿದವು. ಅಪ್ಪಾಸಾಬ ಕಟ್ಟೆ ಏರಿ, ಅಲ್ಲಿಂದ ಬೇವಿನ ಗಿಡದ ಟೊಂಗೆ ಹಿಡಿದು, “ಸರಕಾರದ ಹುಕುಮ ಐತಿ, ನಿಲ್ಲಿಸ್ರಿ!” ಎಂದು ಕೂಗಿದ. ಎತ್ತುಗಳಿಗೆ ಸರಕಾರದ ಭಯವಿರಲಿಲ್ಲ. ಊರ ಹೊರಗಿನ ಹುಣಸೆಮರದ ಬಳಿ ತಾವಾಗಿಯೇ ದಣಿದು ನಿಂತವು. ಮೋಟಾರು ಅವುಗಳ ಹಿಂದೆ, ಮೂಕವಾಗಿ.

ಓಡಿ ಬಂದ ಗಿರಮಲ್ಲಪ್ಪ ಏದುಸಿರು ಬಿಡುತ್ತ ಹೇಳಿದ: “ನಮ್ಮ ಗಾಡಿ ಹೂಡತೇನಿ, ನಡಿ, ಬೀಗರನ್ನ ಕರಕೊಂಡ ಬರೂಣು.”

“ಕಾಗದದಾಗ ಮೋಟಾರ ಬರತೈತಿ ಅಂತ ಬರಿಸೇನಲ್ಲೋ. ಸುಳ್ಳ ಮನಿತನ ಅಂದಾರು.”

ಅವನು ತಲೆ ಕೆರೆದುಕೊಂಡ. “ಮೋಟಾರ ಬರತೈತಿ ಅಂತ ಬರಿಸೀದಿ. ಎಳಿಯೂರು ಯಾರು ಅಂತ ಬರಿಸೀಯೇನು?”

ಆ ಕ್ಷಣಕ್ಕೆ ನನಗೆ ಅದಕ್ಕಿಂತ ದೊಡ್ಡ ಶಾಸ್ತ್ರ ಯಾವುದೂ ಕಾಣಲಿಲ್ಲ. ಗೇರು ಬಿಡಿಸಿ, ಚಕ್ರ ಹಿಡಿದು, ನೆಟ್ಟಗೆ ಕುಳಿತೆ. ಗಿರಮಲ್ಲಪ್ಪ ಬಾನೆಟ್ಟಿನ ಮೇಲೆ ಕಂಬಳಿ ಹಾಸಿ ಕುಳಿತು ಬಾರುಕೋಲು ಎತ್ತಿದ. ಸ್ವಂತ ಮೋಟಾರು ತೇರದಾಳದ ದಾರಿ ಹಿಡಿಯಿತು. ತಿರುವುಗಳಲ್ಲಿ ನಾನು ಭೋಂಪು ಹಿಚುಕುವುದನ್ನು ಬಿಡಲಿಲ್ಲ.

ಬೀಗರು ಆಗಲೇ ಇಳಿದು ಒಂದು ಅಂಗಡಿಯ ನೆರಳಲ್ಲಿ ಕುಳಿತಿದ್ದರು. ಅನಂತಪ್ಪಜ್ಜ ಬಡಿಗೆ ಊರಿ ಎದ್ದು, ಎತ್ತುಗಳ ಮುಖ ನೋಡಿದರು, ಮೋಟಾರಿನ ಮುಖ ನೋಡಿದರು, ಕೊನೆಗೆ ನನ್ನ ಮುಖ ನೋಡಿದರು. ಒಂದು ಮಾತೂ ಆಡದೆ ಹತ್ತಿ ಕುಳಿತರು. ಆಡಿದ್ದರೆ ವಾಸಿಯಿತ್ತು.

ಶೇವಂತಿಬಾಯಿ ಆಡಿದರು: “ಮೋಟಾರ ಅಂದ್ರ ಇದ ಏನ್ರಿ? ನಮ್ಮ ಕಡೆ ಇದಕ್ಕ ಗಾಡಿ ಅಂತಾರ.”

“ಹಂಗಲ್ರಿ,” ಎಂದೆ. “ದೊಡ್ಡವರು ಮೊದಲನೇ ಸಲ ಬರುವಾಗ, ಧೂಳ ಏಳಬಾರದು, ಗದ್ದಲ ಆಗಬಾರದು ಅಂತ... ನಮ್ಮ ಕಡೆ ಎತ್ತ ಕಟ್ಟೂದು ಒಂದು ಮರ್ಯಾದಿ.”

ಬಾನೆಟ್ಟಿನ ಮೇಲಿನಿಂದ ಗಿರಮಲ್ಲಪ್ಪ ತಿರುಗಿ, “ಕೆಟ್ಟೈತ್ರೀ ಯಕ್ಕಾ,” ಎಂದ.

ಮುಂದೆ ಹಾದಿಯುದ್ದಕ್ಕೂ ನಾನು ಭೋಂಪನ್ನೂ ಮುಟ್ಟಲಿಲ್ಲ. ಸೂರ್ಯ ಕಬ್ಬಿನ ಗರಿಗಳ ಮೇಲೆ ಕೂತಿದ್ದ. ಅಜ್ಜ ಸೂರ್ಯನನ್ನು ನೋಡುತ್ತಿದ್ದರು. ನಾನು ಅಜ್ಜನನ್ನು ನೋಡುತ್ತಿದ್ದೆ. ಗಿರಮಲ್ಲಪ್ಪನಿಗೆ ಏನು ಹೊಳೆಯಿತೋ, ಎತ್ತುಗಳ ಬೆನ್ನ ಮೇಲೆ ಕೈಯಿಟ್ಟು, “ನಡೀರಪಾ ನನ್ನಪ್ಪಗಳಿರಾ, ಒಂದ ಹೆಣ್ಣಮಗಳ ಬಾಳೇ ಐತಿ,” ಎಂದ. ಅವು ಓಡಿದವು. ಮನೆಯ ಮುಂದೆ ನಿಂತಾಗ ಹೊತ್ತು ಇನ್ನೂ ಒಂದು ಮಾರು ಮೇಲಿತ್ತು. ಕಮಲಾಬಾಯಿ ಬಾಗಿಲಲ್ಲೇ ಕಾಲಿಗೆ ನೀರು ಕೊಟ್ಟಳು, ಒಳಗೆ ಎಲೆಗಳು ಬಿದ್ದಿದ್ದವು. ಬ್ರಾಹ್ಮಿ ಬಡಿಸಿದಳು. ಹೋಳಿಗೆಯ ಮೇಲೆ ಎರಡು ಸಲ ತುಪ್ಪ ಹಾಕಿದಳು. ಅಜ್ಜ ಕೈತೊಳೆದುಕೊಂಡು ಹೊರಗೆ ಬಂದು ಆಕಾಶ ನೋಡಿದರು. ಆಗ ಹೊತ್ತು ಮುಳುಗಿತು. ನಾನು ಉಸಿರು ಬಿಟ್ಟೆ.

ಬಿಟ್ಟದ್ದು ಬೇಗವಾಯಿತು. ಪಡಸಾಲೆಯಲ್ಲಿ ಎಲ್ಲರೂ ಕುಳಿತಾಗ ಅಜ್ಜ ಮೊದಲ ಸಲ ಬಾಯಿ ತೆರೆದರು: “ಮೋಟಾರಿಗೆ ಏನಾಗೇತ್ರಿ?”

ನಾನು ಪ್ಲಗ್ಗು, ವಾಯರು, ಚಳಿ ಎಂದು ಶುರುಮಾಡಿದೆ. ಕಂಬಕ್ಕೆ ಒರಗಿದ್ದ ಅವ್ವ ನಡುವೆ ಬಾಯಿಹಾಕಿದಳು.

“ಯಾಕ ಕೆಡತೈತಿ? ಮುಂಜಾನಿ ನಾನ ಕೈಯಾರೆ ಸೋಸಿ ಹಾಕೇನಿ. ಎರಡ ಪದರಿನ ಅರಿವಿ. ಜೀವಾಣೀನೂ ತಿರಗಿ ಬಿಟ್ಟೇನಿ.”

ನನ್ನ ಕೈಯಲ್ಲಿದ್ದ ಅಡಿಕೆ ಕೆಳಗೆ ಬಿತ್ತು. “ಎಲ್ಲಿ ಬಿಟ್ಟಿಬೇ ಯವ್ವಾ?”

“ಎಲ್ಲಿ ಬಿಡಲಿ? ಬಾವೀ ಜೀವ ಬಾವಿಗಿ, ಮೋಟಾರಿನ ಜೀವ ಮೋಟಾರಿಗಿ. ಡಬ್ಬಿ ಖಾಲಿ ಆಗಿತ್ತು. ಖಾಲಿ ಡಬ್ಬ್ಯಾಗ ಬಿಟ್ರ ಅವು ಏನ ತಿನ್ನಬೇಕು? ಅದಕ್ಕ ಟಾಕ್ಯಾಗ ಬಿಟ್ಟೆ.”

“ಎಷ್ಟ ನೀರು?”

“ಒಂದ ತಂಬಿಗಿ. ಅರಿವಿ ಇನ್ನೂ ವಾಸನಿ ಹೊಡಿತಿತ್ತು. ಯಾವದರ ಜೀವ ಉಳದಿದ್ದೀತು ಅಂತ ಮತ್ತೊಂದ ತಂಬಿಗಿ.”

ಕಮಲಾಬಾಯಿ ಸೆರಗಿನಿಂದ ಮುಖ ಮುಚ್ಚಿಕೊಂಡಳು. ಅಳುತ್ತಿದ್ದಳೋ ನಗುತ್ತಿದ್ದಳೋ ತಿಳಿಯಲಿಲ್ಲ. ಬಾಗಿಲ ಮರೆಯಲ್ಲಿ ಬ್ರಾಹ್ಮಿಯ ಬಳೆ ಸದ್ದಾಯಿತು. ಸಂಬಂಧ ಮುರಿಯಿತು ಎಂದು ನಾನು ಮನಸ್ಸಿನಲ್ಲೇ ಎಲೆ ಎತ್ತಿದೆ.

ಅನಂತಪ್ಪಜ್ಜ ಅವ್ವನ ಕಡೆಗೆ ತಿರುಗಿ ಕುಳಿತರು. ಆಮೇಲೆ ಕೇಳಿದರು: “ಹುಡಿಗಿಗೆ ಸೋಸೂದು ಯಾರು ಕಲಿಸ್ಯಾರ್ರಿ?”

“ಮತ್ಯಾರು? ನಾನ,” ಎಂದಳು ಅವ್ವ.

“ಆತು,” ಎಂದರು ಅಜ್ಜ. “ಮುಹೂರ್ತ ನೋಡಸ್ರಿ.”

ಶೇವಂತಿಬಾಯಿ ತಡೆದು ತಡೆದು ನಗುತ್ತ, “ನಮ್ಮ ಮನ್ಯಾಗ ಮೋಟಾರ ಇಲ್ಲ ಅನ್ನೂದೊಂದ ಛಲೋ ಆತು,” ಎಂದರು. ಆಗ ಅಜ್ಜನೂ ನಕ್ಕರು. ಹಲ್ಲಿಲ್ಲದ ಬಾಯಿ ಅಷ್ಟು ದೊಡ್ಡದು ಇರುತ್ತದೆಂದು ನನಗೆ ಗೊತ್ತಿರಲಿಲ್ಲ. ಅವ್ವ ಮಾತ್ರ ಯಾಕೆ ನಗುತ್ತಾರೆಂದು ತಿಳಿಯದೆ ಎಲ್ಲರ ಮುಖ ನೋಡಿದಳು. ನನ್ನ ಸ್ವಂತ ಮೋಟಾರು ತರದ ಮಾನವನ್ನು ಅವಳ ಎರಡು ತಂಬಿಗೆ ನೀರು ತಂದಿತ್ತು. ಇದನ್ನು ಕಮಲಾಬಾಯಿ ಈಗಲೂ ವಾರಕ್ಕೊಮ್ಮೆ ನೆನಪು ಮಾಡಿಕೊಡುತ್ತಾಳೆ.

ಮರುದಿನ ಬೀಗರನ್ನು ಗಾಡಿಯಲ್ಲಿ ಬೀಳ್ಕೊಟ್ಟು ಬಂದು ಟಾಕಿಯ ಕೆಳಗಿನ ಬಿರಟೆ ಬಿಚ್ಚಿ, ಇದ್ದದ್ದನ್ನೆಲ್ಲ ಹರಿಯಬಿಟ್ಟೆ. “ನನ್ನ ಜೀವಗೋಳು!” ಎಂದು ಅವ್ವ ಎರಡು ದಿನ ನನ್ನೊಡನೆ ಮಾತು ಬಿಟ್ಟಳು. ಇನ್ನೊಂದು ಡಬ್ಬಿಯ ತಳದಲ್ಲಿ ಉಳಿದಿದ್ದ ಪೆಟ್ರೋಲನ್ನು ಅವಳು ಬಸದಿಗೆ ಹೋದಾಗ ಕದ್ದು ಸೋಸಿ ಹಾಕಿದೆ. ಮೋಟಾರು ಗುರ್ರೆಂದಿತು.

ಸದ್ದು ಕೇಳಿ ಗಿರಮಲ್ಲಪ್ಪ ಬಂದ.

“ಮುಯ್ಯಿ,” ಎಂದ.

“ನಮ್ಮ ಎತ್ತ ಗಾಣಕ್ಕ ಅದಾವೋ.”

“ನಿನ್ನ ಎತ್ತ ಯಾರ ಕೇಳ್ಯಾರ? ನಮ್ಮ ಎತ್ತ ಎಳದದ್ದ ಮೋಟಾರ. ಮೋಟಾರ ಎಳೀಬೇಕು ನಮ್ಮ ಗಾಡಿ. ಕುರಿಗೊಬ್ಬರ ತುಂಬಿ ನಿಲ್ಲಿಸೇನಿ.”

ಚಾವಡಿಯ ಕಟ್ಟೆಯ ಮೇಲೆ ಪಂಚಾಯತಿ ಆಯಿತು. ಮಾತು ನ್ಯಾಯದ್ದಿದೆ ಎಂದು ಅಪ್ಪಾಸಾಬ ಸರಕಾರದ ಪರವಾಗಿ ತೀರ್ಪು ಕೊಟ್ಟ. ಗೊಬ್ಬರದ ಗಾಡಿಯ ಮುಂದಿನ ಮೂಕಿಯನ್ನು ಮೋಟಾರಿನ ಬೆನ್ನಿಗೆ ಕಟ್ಟಿದರು. ನಾನು ಮೊದಲನೆಯ ಗೇರಿನಲ್ಲಿ ಹೊರಟೆ. ಗಾಡಿಯ ಹಿಂದೆ ಗಿರಮಲ್ಲಪ್ಪನ ಎತ್ತುಗಳು ಬರಿ ಕೊರಳಲ್ಲಿ, ಬೀಗರ ಹಾಗೆ ನಿಧಾನಕ್ಕೆ ನಡೆದು ಬರುತ್ತಿದ್ದವು. ಹುಟ್ಟಿದಂದಿನಿಂದ ಅವು ಗಾಡಿಯ ಹಿಂದೆ ನಡೆದದ್ದು ಅದೇ ಮೊದಲು. ಅವುಗಳ ಹಿಂದೆ ಊರು.

ಹಳ್ಳದ ಇಳಿಜಾರು ಸುಖವಾಗಿ ಇಳಿದೆವು. ಏರಿನ ನಡುವೆ ಮೋಟಾರು ಮೂರು ಸಲ ಸೀನಿತು. ನಿಂತಿತು. ಟಾಕಿಯಲ್ಲಿ ಬರಲು ಹಾಕಿ ನೋಡಿದೆ. ಈ ಸಲ ಒಂದು ಹನಿ ನೀರೂ ಇರಲಿಲ್ಲ. ಪೆಟ್ರೋಲೂ ಇರಲಿಲ್ಲ.

ಯಾರೂ ಕರೆಯಲಿಲ್ಲ. ಹಿಂದಿನಿಂದ ಎತ್ತುಗಳು ತಾವಾಗಿ ಗಾಡಿಯನ್ನು ಬಳಸಿ, ನನ್ನ ಮಗ್ಗುಲಿಂದ ಹಾದು, ಮೋಟಾರಿನ ಮುಂದೆ ಜೋಡಿಯಾಗಿ ಬಂದು, ನೊಗಕ್ಕೆ ಕೊರಳು ತಗ್ಗಿಸಿ ನಿಂತವು.

ಗಿರಮಲ್ಲಪ್ಪ ನೊಗ ತರಲು ಹೊರಟವನು ತಿರುಗಿ ನೋಡಿದ.

“ಮುಯ್ಯಿ ಎರಡಾತು ನೋಡಲೇ ಪಾಯಪ್ಪಾ.”